ಗೊಂಬಿಗಿಂತ ಕೊರಿಯರ್ ಯಾಕ ತುಟ್ಟಿ ಅಂತ ಕೇಳಿದ್ರಲ್ಲ

ಬೆಂಗಳೂರಾಗ ಕೂತು ಕೊಪ್ಪಳ ಜಿಲ್ಲಾದ ಕಿನ್ನಾಳ ಊರಿನ ಗೊಂಬಿ ತರಿಸಿದ್ರ ಗೊಂಬಿ ರೇಟಿಗಿಂತ ಕೊರಿಯರ್ ಚಾರ್ಜೇ ಜಾಸ್ತಿ ಬಂತು, ನಿಮ್ಮ ಕಡೆ ಮಂದಿ ನಡುವ ರೊಕ್ಕ ಹೊಡ್ಕೊಳ್ತಾರೇನು ಅಂತ ಕೇಳಿದ್ರಿ. ಇಲ್ರಿ, ಅದ್ರಾಗ ಮಾರೋರಿಗೆ ಏನೂ ಉಳಿಯಂಗಿಲ್ಲ. ನಾನು ರಾಯಚೂರಿನಾಂವ, ಕೊಪ್ಪಳ ಬಾಜೂದ್ದೇ, ಊರಿಂದ ಸಾಮಾನು ಕಳಿಸೋದು ನಮಗ ದಿನದ ಗೋಳು.

ಕಿನ್ನಾಳ ಗೊಂಬಿ ಹಗುರ ಕಟಿಗಿದು, ಹುಣಸಿ ಬೀಜದ ಅಂಟು ಹಾಕಿ ಕೂಡಿಸಿ ಮ್ಯಾಲ ಬಣ್ಣ ಹಚ್ತಾರ, ಇದು ಆ ಊರಿಂದೇ ಅಂತ ಹೇಳೋ ಜಿಐ ಟ್ಯಾಗೂ ಸಿಕ್ಕದ. ಕೈಯಾಗ ಹಿಡಿದ್ರ ತೂಕಾನ ಇರಂಗಿಲ್ಲ, ಆದ್ರ ಕಿವಿ ಕಾಲು ಮುರೀಬಾರದು ಅಂತ ಸುತ್ತ ಪೇಪರ್ ತುರುಕಿ ದೊಡ್ಡ ಡಬ್ಬಿ ಕಟ್ಟಬೇಕು, ಆಗ ಕೊರಿಯರ್‌ನವ್ರು ಟೇಪ್ ಹಿಡಿದು ಉದ್ದ ಅಗಲ ಎತ್ತರ ಸೆಂಟಿಮೀಟರ್‌ನ್ಯಾಗ ಅಳದು ಗುಣಿಸಿ 5000ದಿಂದ ಭಾಗಿಸ್ತಾರ. 30, 25, 20ರ ಡಬ್ಬಿ ಅಂದ್ರ 3 ಕೆಜಿ ಆತು. ಒಳಗ ಅರ್ಧ ಕೆಜಿ ಇರಲಿ, 3 ಕೆಜಿ ರೊಕ್ಕ ಕೊಡ್ರಿ, ಅದರ ಮ್ಯಾಲ ಶೇ 18 ಜಿಎಸ್‌ಟಿ. ಗಾಳಿಗೆ ಬಾಡಿಗಿ ಕೊಟ್ಟಂಗ.

ಜೋಳದ ಕಡಕ್ ರೊಟ್ಟಿದೂ ಇದೇ ಕಥಿ, ಮ್ಯಾಲಿಂದ ಪುಡಿಪುಡಿ ಆಗಿ ಮುಟ್ಟೋ ಅಂಜಿಕಿ ಬ್ಯಾರೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪುಡಿ ಮಾತ್ರ ಆರಾಮ, ಸಣ್ಣ ಪ್ಯಾಕೆಟ್ನ್ಯಾಗ ಒತ್ತಿ ತುಂಬಿದ್ರ ಸ್ಪೀಡ್ ಪೋಸ್ಟ್‌ನ್ಯಾಗ ಹೋಗ್ತದ.

ಗಡಿ ಅಂದ್ರೇನು ಅನ್ನೋದೂ ಇದ್ರಾಗ ಗೊತ್ತಾಗ್ತದ ನೋಡ್ರಿ. ರಾಯಚೂರಿಂದ ಗುಂತಕಲ್ ಕಡೆ ರೈಲು ಹತ್ತಿದ್ರ ಮಂತ್ರಾಲಯಂ ರೋಡ್ ಸ್ಟೇಷನ್ ದಾಟಿ ಆಂಧ್ರದ ಆದೋನಿ ಬಂದಬಿಡ್ತದ, ಬೆಂಗಳೂರಿಗೆ ಅಂದ್ರ ರಾತ್ರಿ ಪೂರ್ತಿ ಪ್ರಯಾಣ. ಆದ್ರೂ ರೇಟನ್ನ ರಾಜ್ಯ ನೋಡಿ ಕಟ್ಟೋ ಕೊರಿಯರ್‌ನವ್ರಿಗೆ ಬೆಂಗಳೂರು ನಮ್ಮದು, ಆದೋನಿ ಪರರಾಜ್ಯ! ಬೀಗರು ಪೂರಾ ಆ ಕಡೆ ಇದ್ದೋರು ಏನ್ ಮಾಡ್ಬೇಕು? ಅಂಚೆಯವ್ರ ಸ್ಪೀಡ್ ಪೋಸ್ಟ್ ಇದ್ರಾಗ ವಾಸಿ, ಅವರು ದೂರ ನೋಡ್ತಾರ, 200 ಕಿಮೀ ಒಳಗ ಒಂದು ರೇಟು, 500 ತನಕ ಇನ್ನೊಂದು, ಗಡಿಗಿಡಿ ಕೇಳಂಗಿಲ್ಲ.

ರೊಟ್ಟಿ ಬೇಕಂದ್ರ ನಮ್ಮ ಮಂದಿ ಬಸ್ ಪಾರ್ಸೆಲ್ ಮಾಡ್ತಾರ, ರಾತ್ರಿ ಸ್ಟ್ಯಾಂಡಿಗೆ ಒಯ್ದು ಕೊಟ್ರ ಮುಂಜಾನೆ ಬೆಂಗಳೂರು. ಆದ್ರ ನೀವ ಎದ್ದು ಹೋಗಿ ತಗೋಬೇಕು, ಆಟೋದಾಗ ಹೋದ್ರಿ ಅಂದ್ರ ಉಳಿಸಿದ್ದು ಅಲ್ಲೇ ಹೋತು. ಅದಕ್ಕ ನಿಮ್ಮ ಅಪಾರ್ಟ್‌ಮೆಂಟಿನ ನಾಲ್ಕು ಮನಿಯವ್ರು ಕೂಡಿ ಒಂದೇ ದೊಡ್ಡ ಡಬ್ಬಿ ತರಿಸ್ರಿ, ಗೊಂಬಿಗೂ ಅದೇ ದಾರಿ.

ಸಿಂಧನೂರು ಗಂಗಾವತಿ ಸೋನಾ ಮಸೂರಿ ಒಂದು ಚೀಲ ಕಳಿಸ್ತೀರೇನು ಅಂದ್ರೆಲ್ಲ, ಅದನ್ನ ಬಿಡ್ರಿ. ಟ್ರಾನ್ಸ್‌ಪೋರ್ಟ್ ಲಾರಿಗೆ ಹಾಕಿದ್ರ ಬಾಡಿಗಿ ಕಡಿಮಿ ಖರೆ, ಆದ್ರ ಈ ಕಡೆ ಹಮಾಲಿ, ಆ ಕಡೆ ಹಮಾಲಿ, ಗೋಡೌನಿಂದ ಮನಿಗೆ ಮತ್ತ ಗಾಡಿ. ಅದೇ ಅಕ್ಕಿ ನಿಮ್ಮ ಯಶವಂತಪುರ ಮಾರ್ಕೆಟ್ಟಿಗೆ ಲೋಡ್‌ಗಟ್ಟಲೆ ಬರ್ತದ, ಅಲ್ಲೇ ತಗೋರಿ.

ಇನ್ನ ಕ್ಯಾಶ್ ಆನ್ ಡೆಲಿವರಿ ಯಾಕಿಲ್ಲ ಅಂತ ಸಿಟ್ಟಾಗಬ್ಯಾಡ್ರಿ. ನೀವು ಬ್ಯಾಡಂತ ವಾಪಸ್ ಕಳಿಸಿದ್ರ ಹೋಗೋದು ಬರೋದು ಎರಡೂ ಚಾರ್ಜ್ ಮಾರೋರ ತಲಿ ಮ್ಯಾಲ ಬೀಳ್ತದ, ಗೊಂಬಿ ಮಾಡೋ ಚಿತ್ರಗಾರರು ಎಲ್ಲಿಂದ ಕೊಡಬೇಕು? ಮೊದ್ಲು ರೊಕ್ಕ ಹಾಕಿ, ಡಬ್ಬಿ ಅಳತಿ ಎಷ್ಟು ಅಂತ ಫೋನ್‌ನ್ಯಾಗ ಕೇಳ್ಕೊಳ್ರಿ.