ಸುದ್ದಿಮನೆಯಿಂದ ಕಾದಂಬರಿಗೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಅಪರಾಧ ವರದಿಗಾರಿಕೆಯಲ್ಲಿ ಬಹುಕಾಲ ದುಡಿದು, ಕಾದಂಬರಿ ಬರೆಯಬೇಕೆಂದು ಪತ್ರಿಕೆಯ ಕೆಲಸ ಬಿಟ್ಟ ಮಹಿಳೆಯೊಬ್ಬರು ನಿದ್ರೆ ಬಾರದೆಂದು ಸಲಹೆಗೆ ಬಂದಿದ್ದರು. ಗಂಟೆಯೊಳಗೆ ಸುದ್ದಿ ಬರೆದು ಡೆಸ್ಕಿಗೆ ಕೊಡುತ್ತಿದ್ದ ತಮಗೆ ಈಗ ದಿನವಿಡೀ ಕುಳಿತರೂ ಪುಟವೊಂದು ಮುಗಿಯದಿರುವುದಕ್ಕೆ ಕಲ್ಪನಾಶಕ್ತಿ ಇಲ್ಲದಿರುವುದೇ ಕಾರಣವೆಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ಬರೆದದ್ದರಲ್ಲಿ ಒಂದು ಪುಟ ತರಲು ಹೇಳಿದೆ. ತಾಯಿಯೊಬ್ಬಳು ಶವಾಗಾರದ ಹೊರಗೆ ಬೆಂಚಿನ ಮೇಲೆ ಕಾಯುವ ದೃಶ್ಯವದು. ಮಗ ಎಲ್ಲಿ, ಯಾವಾಗ, ಹೇಗೆ ಸತ್ತನೆಂಬುದೆಲ್ಲ ಮೊದಲ ವಾಕ್ಯದಲ್ಲೇ ಬಂದಿತ್ತು. ಜಾಗ ಸಾಲದಿದ್ದರೆ ಉಪಸಂಪಾದಕರು ಕೊನೆಯಿಂದ ಕತ್ತರಿಸಲು ಅನುವಾಗುವ ಸುದ್ದಿಯ ಕ್ರಮ ಕೈಬಿಟ್ಟಿರಲಿಲ್ಲ. ‘ಅವಳಿಗೆ ಅಳು ಬರಲಿಲ್ಲ’ ಎಂಬುದನ್ನು ಹೊಡೆದು ‘ಅವಳು ಅಳಲಿಲ್ಲ’ ಎಂದು ತಿದ್ದಿದ್ದರು. ಏಕೆಂದು ಕೇಳಿದಾಗ, “ಅಳದಿದ್ದುದು ಕಣ್ಣಿಗೆ ಕಾಣುತ್ತದೆ. ಅಳು ಬರಲಿಲ್ಲವೆಂದು ನನಗೆ ಹೇಗೆ ಗೊತ್ತು?” ಎಂದರು.

ಆ ಪ್ರಶ್ನೆಯ ಜಾಡು ಹಿಡಿದಾಗ ನಿಜವಾದ ತೊಡಕು ಹೊರಬಂತು. ಅಂಥ ತಾಯಿಯೊಬ್ಬಳು ಹಿಂದೆ, ಅಚ್ಚು ಹಾಕಬಾರದೆಂಬ ಷರತ್ತಿನ ಮೇಲೆ, ಇವರೊಡನೆ ಮನಸ್ಸು ಬಿಚ್ಚಿ ಮಾತನಾಡಿದ್ದಳು. ವರದಿಗಾರ್ತಿಯಾಗಿ ಉಳಿಸಿಕೊಂಡ ಮಾತನ್ನು ಕಾದಂಬರಿಕಾರ್ತಿಯಾಗಿ ಮುರಿಯುತ್ತಿದ್ದೇನೆಂಬ ಅಳುಕು ರಾತ್ರಿಯೆಲ್ಲ ಕಾಡುತ್ತಿತ್ತು. ಸಾವುನೋವುಗಳನ್ನು ಹತ್ತಿರದಿಂದ ಕಾಣುವ ವರದಿಗಾರರಲ್ಲಿ ಆಘಾತದ ಲಕ್ಷಣಗಳು ಉಳಿಯುವುದುಂಟಾದ್ದರಿಂದ ದುಃಸ್ವಪ್ನ, ಬೆಚ್ಚಿಬೀಳುವಿಕೆಗಳ ಬಗ್ಗೆಯೂ ವಿಚಾರಿಸಿದೆ, ಅವು ಇರಲಿಲ್ಲ.

ಆ ಅಳುಕನ್ನು ಹೋಗಲಾಡಿಸಲು ನಾನು ಪ್ರಯತ್ನಿಸಲಿಲ್ಲ, ಏಕೆಂದರೆ ಅದು ನ್ಯಾಯವಾದದ್ದೇ. ಆ ತಾಯಿ ಆಡಿದ ಮಾತುಗಳನ್ನು ಪೂರ್ತಿಯಾಗಿ ಬಿಡುವಂತೆಯೂ, ಹೆಸರಷ್ಟೇ ಬದಲಿಸಿದರೆ ಸಂದರ್ಭದಿಂದ ಗುರುತು ಸಿಗುವುದರಿಂದ ಸಂಬಂಧ, ಸಾವಿನ ಕಾರಣ, ಸ್ಥಳ ಮೂರನ್ನೂ ಬದಲಿಸುವಂತೆಯೂ ಸೂಚಿಸಿದೆ. ಕಾಯುವವನು ಅಣ್ಣನಾದರೆ, ಅವನಿಗೆ ಅಳು ಬಂತೋ ಇಲ್ಲವೋ ಎಂಬುದಕ್ಕೆ ಲೇಖಕಿಯ ಹೊರತು ಬೇರೆ ಸುದ್ದಿಮೂಲವಿರುವುದಿಲ್ಲ.

ಉಳಿದದ್ದು ದಿನಚರಿಯ ಮಾತು. ಬೆಳಿಗ್ಗೆ ಬರವಣಿಗೆ ಮಾತ್ರ. ಸಂಶಯ ಬಂದಲ್ಲಿ ಅಂಚಿನಲ್ಲಿ ಗುರುತು ಹಾಕಿ ಮುಂದುವರಿದು, ಪರಿಶೀಲನೆಯನ್ನು ಸಂಜೆಗೆ ಇಟ್ಟುಕೊಳ್ಳಬೇಕು. ‘ಸಾಕು, ಪುಟ ಅಚ್ಚಿಗೆ ಹೋಗಬೇಕು’ ಎನ್ನುವವರು ಈಗ ಇಲ್ಲವಾದ್ದರಿಂದ, ವಾರಕ್ಕೊಮ್ಮೆ ಎಷ್ಟಾಗಿದೆಯೋ ಅಷ್ಟನ್ನು ಹಳೆಯ ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಬೇಕು. ಅವರು ತಿದ್ದಬಾರದು, ಪಡೆದುಕೊಂಡರೆ ಸಾಕು.

ಪತ್ರಕರ್ತರಾಗಿದ್ದು ಕಾದಂಬರಿಕಾರರಾದ ಅಮೆರಿಕದ ಹೆಮಿಂಗ್ವೇ ಅವರೊಡನೆ ಈಕೆ ತಮ್ಮನ್ನು ಹೋಲಿಸಿಕೊಂಡು ಕುಗ್ಗುತ್ತಿದ್ದರು. ಹೆಮಿಂಗ್ವೇ ಪತ್ರಿಕೆಗೆ ಸೇರಿದ್ದು 1917ರಲ್ಲಿ, ಮೊದಲ ಕಾದಂಬರಿ ಪ್ರಕಟವಾದದ್ದು 1926ರಲ್ಲಿ ಎಂದು ನೆನಪಿಸಿದಾಗ ನಕ್ಕರು. (ಹೋಲಿಕೆ ನಿಂತಿತೆಂದು ಹೇಳಲಾರೆ.)

ನಿದ್ರೆ ಸುಧಾರಿಸಿದೆ. ಅಣ್ಣನ ಅಧ್ಯಾಯ ಮುಗಿದಿದೆ, ಆದರೆ ಎಲ್ಲವನ್ನೂ ಮೊದಲ ಸಾಲಿನಲ್ಲೇ ಹೇಳುವ ಅಭ್ಯಾಸ ಇನ್ನೂ ಇದೆ. ಅದರ ಬಗ್ಗೆ ಮುಂದಿನ ಭೇಟಿಯಲ್ಲಿ ಮಾತನಾಡುವುದೆಂದು ಗೊತ್ತುಮಾಡಿಕೊಂಡಿದ್ದೇವೆ.