ಪಾಸ್ಟರ್ ಎದುರು 'ಆಯ್ತು', ದಿಂಬಿನ ಕೆಳಗೆ ಜರ್ಮನ್ ಪುಸ್ತಕ

ಪ್ರಶ್ನೆ: ನನಗೆ 28 ವರ್ಷ. ಗದಗ ಕಡೆಯವಳು, ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ನಾವು ಮೊದಲಿನಿಂದ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಸಭೆಯವರು. ಐದು ವರ್ಷದ ಹಿಂದೆ ಅಮ್ಮನಿಗೆ ತುಂಬ ಹುಷಾರಿಲ್ಲದಾಗ ಒಂದು ಪ್ರಾರ್ಥನಾ ಮಂದಿರದವರು ಆಸರೆಯಾದರು. ಆಗಿನಿಂದ ಅಲ್ಲಿಗೇ ಹೋಗುತ್ತೇವೆ. ಭಾನುವಾರ ಆರಾಧನೆಗೆ ಕೀಬೋರ್ಡ್ ನುಡಿಸುವವಳು ನಾನೇ. ಈಗ ಜರ್ಮನಿಯಲ್ಲಿ ಕೆಲಸ ಸಿಗುವ ಹಾಗಿದೆ. ಜರ್ಮನ್ ಭಾಷೆಯ ಬಿ1 ಹಂತದ ಪರೀಕ್ಷೆ ಪಾಸಾಗಿದೆ, ಅದರ ಮೇಲಿನ ಬಿ2ಗೆ ಓದುತ್ತಿದ್ದೇನೆ. ಹೋಗೋ ಯೋಚನೆ ಇದೆ ಅಂತ ಪಾಸ್ಟರ್‌ಗೆ ಹೇಳಿದೆ. "ಕರ್ತನು ನನಗೆ ಇದನ್ನು ತೋರಿಸಿಲ್ಲ. ಹೊದಿಕೆ ಬಿಟ್ಟು ಹೋದರೆ ಆಶೀರ್ವಾದ ಇರಲ್ಲ. ದಂಗೆ ಮಾಟಮಂತ್ರದಷ್ಟೇ ಪಾಪ ಅಂತ ವಾಕ್ಯವೇ ಹೇಳುತ್ತೆ" ಅಂದರು. "ನೀನು ಹೋದರೆ ಕೀಬೋರ್ಡ್ ಯಾರಮ್ಮ ನುಡಿಸ್ತಾರೆ?" ಅಂತಲೂ ಕೇಳಿದರು. ನಾನು "ಆಯ್ತು ಪಾಸ್ಟರ್, ಹೋಗಲ್ಲ" ಅಂದುಬಿಟ್ಟೆ. ಆದರೆ ಓದು ಬಿಟ್ಟಿಲ್ಲ. ಪುಸ್ತಕ ದಿಂಬಿನ ಕೆಳಗಿರುತ್ತದೆ. ತಮ್ಮನಿಗೆ ಮಾತ್ರ ಗೊತ್ತು, ಅಮ್ಮನಿಗೆ ಹೇಳಿಲ್ಲ. ನೈಟ್ ಡ್ಯೂಟಿಯಲ್ಲಿ ಆ ವಾಕ್ಯವೇ ತಲೆಯಲ್ಲಿ ಸುತ್ತುತ್ತದೆ. ನಾನು ದೇವರಿಗೆ ತಿರುಗಿಬಿದ್ದಿದ್ದೇನಾ?

ಉತ್ತರ: ತಂಗಿ, ನಿಮ್ಮ ನಿದ್ದೆ ಕೆಡಿಸಿರುವುದು ಆ ವಾಕ್ಯ. ಹಾಗಾಗಿ ಮೊದಲು ಅದನ್ನೇ ತೆಗೆಯೋಣ. ಒಂದನೆಯ ಸಮುವೇಲ, 15ನೇ ಅಧ್ಯಾಯ. ನಿಮ್ಮ ಬೈಬಲ್‌ನಲ್ಲಿ ಆ ಸಾಲಿಗೆ ಗೆರೆ ಎಳೆದಿರುತ್ತೀರಿ, ಅಲ್ವಾ? ಇವತ್ತು ಇಡೀ ಅಧ್ಯಾಯ ಓದಿ.

ಆ ಮಾತನ್ನು ಯಾರು ಯಾರಿಗೆ ಹೇಳಿದ್ದು? ದೊಡ್ಡವರು ಚಿಕ್ಕವರಿಗೆ ಹೇಳಿದ್ದಲ್ಲ. ಮುದುಕ ಪ್ರವಾದಿ ಸಮುವೇಲ, ದೇಶದಲ್ಲೇ ಅತಿ ಬಲಶಾಲಿಯಾದ ಸೌಲ ರಾಜನ ಮುಖಕ್ಕೆ ಹೇಳಿದ್ದು. ಅಮಾಲೇಕ್ಯರ ಮೇಲೆ ಯುದ್ಧಕ್ಕೆ ಹೋದ ಸೌಲ, ದನಕುರಿ ಸಮೇತ ಎಲ್ಲವನ್ನೂ ನಾಶಮಾಡು ಅಂತ ದೇವರು ಹೇಳಿದ್ದನ್ನು ಅರ್ಧ ಮಾಡಿದ್ದ. (ಆ ಯುದ್ಧದ ಆಜ್ಞೆ ಓದಿದರೆ ನನಗೂ ಮೈ ಜುಮ್ಮೆನ್ನುತ್ತದೆ. ಅದು ಇನ್ನೊಂದು ದಿನದ ಮಾತು.) ಒಳ್ಳೊಳ್ಳೆಯ ದನಕುರಿ ಉಳಿಸಿಕೊಂಡಿದ್ದ. ತನ್ನ ಹೆಸರಿಗೆ ಒಂದು ಜ್ಞಾಪಕಸ್ತಂಭವನ್ನೂ ನಿಲ್ಲಿಸಿದ್ದ. ಸಮುವೇಲ ಬಂದಾಗ "ಕರ್ತನ ಮಾತು ನಡೆಸಿದೆ" ಅನ್ನುತ್ತಾನೆ. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಏನಪ್ಪಾ ಅಂತ ಸಮುವೇಲ ಕೇಳುತ್ತಾನೆ. ಬೈಬಲ್‌ನಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆಗಳಲ್ಲಿ ಇದೊಂದು.

24ನೇ ವಚನಕ್ಕೆ ಬನ್ನಿ. ಸಿಕ್ಕಿಬಿದ್ದ ಸೌಲ ತಪ್ಪೊಪ್ಪಿಕೊಳ್ಳುತ್ತಾನೆ. ಏನಂತ? ಜನರಿಗೆ ಹೆದರಿ ಅವರ ಮಾತು ಕೇಳಿದೆ ಅಂತ! ನೋಡಿ, ಸೌಲನ ದಂಗೆ ಅಂದರೆ ಅದೇ. ಮನುಷ್ಯರಿಗೆ ಹೆದರಿ 'ಹೂಂ' ಅಂದದ್ದು. ಈ ವಾಕ್ಯ ನಿಮ್ಮ ಪಾಸ್ಟರ್ ತೋರಿಸಿದ ಕಡೆಗೆ ಹೊಡೆಯುವುದಿಲ್ಲ. ಆದರೆ ನಿಮಗೆ ಏನೂ ಹೇಳುವುದಿಲ್ಲ ಅಂತಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಇದೇ ಸಮುವೇಲ ಹುಡುಗನಾಗಿದ್ದಾಗಿನ ಕಥೆ ನಿಮಗೆ ಸಂಡೇಸ್ಕೂಲಿನಿಂದಲೇ ಬಾಯಿಪಾಠ. ರಾತ್ರಿ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಹುಡುಗ ಎದ್ದು ಮುದಿ ಯಾಜಕ ಏಲಿಯ ಹತ್ತಿರ ಓಡುತ್ತಾನೆ. ಒಂದಲ್ಲ, ಮೂರು ಸಲ. ಕಣ್ಣು ಮಂಜಾಗಿದ್ದ ಏಲಿ ಆಗ ಮಾಡಿದ ಕೆಲಸ ನೋಡಿ. "ನನ್ನನ್ನು ಕೇಳದೆ ದೇವರು ನಿನ್ನ ಹತ್ತಿರ ಮಾತಾಡುವುದುಂಟಾ?" ಅನ್ನಲಿಲ್ಲ. ಹೋಗಿ ಮಲಗು, ಮತ್ತೆ ಕರೆದರೆ ಆತನಿಗೇ ಉತ್ತರ ಕೊಡು ಅಂದ. ಆ ರಾತ್ರಿ ಹುಡುಗನ ಕಿವಿಗೆ ಬಿದ್ದದ್ದು ಏಲಿಯ ಮನೆತನದ ವಿರುದ್ಧದ ಮಾತು. ಹೇಳಲು ಹೆದರಿ ಬೆಳಗಿನ ತನಕ ಮಲಗಿದ್ದ, ಆಮೇಲೆ ಎದ್ದು ದೇವಾಲಯದ ಬಾಗಿಲು ತೆರೆದ. ಏಲಿ ತಾನಾಗಿ ಕರೆದು, ಒಂದನ್ನೂ ಮುಚ್ಚಿಡಬೇಡ ಅಂದ. ಏಲಿಗೆ ಬೇರೆ ತಪ್ಪುಗಳು ಬೇಕಾದಷ್ಟಿದ್ದವು. ಆದರೆ ಹಿರಿಯರಾದವರು ಹೇಗಿರಬೇಕು ಅನ್ನುವುದಕ್ಕೆ ಆ ಒಂದು ರಾತ್ರಿ, ಒಂದು ಬೆಳಗು ನನಗೆ ಸಾಕು.

ನಮ್ಮ ಕನ್ನಡದಲ್ಲಿ 'ಕೇಳು' ಅನ್ನುವ ಪದ ಒಂದೇ, ಕೆಲಸ ಮೂರು. ಕಿವಿಗೊಡುವುದೂ ಕೇಳುವುದೇ, ಹೇಳಿದಂತೆ ನಡೆಯುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ಸಮುವೇಲ ಮೂರನ್ನೂ ಮಾಡಿದವನು. ನಮ್ಮ ಸಭೆಗಳಲ್ಲಿ ಮೂರನೆಯದು ಯಾವಾಗ ಪಾಪವಾಯಿತೋ ಗೊತ್ತಿಲ್ಲ.

ಈಗ ಹೊದಿಕೆ. ಪಾಸ್ಟರ್ ಅಂದರೆ ನಮ್ಮ ತಲೆಯ ಮೇಲೆ ಹಿಡಿದ ಕೊಡೆ, ಅದರ ಕೆಳಗೆ ನಿಂತರೆ ಆಶೀರ್ವಾದ, ಸರಿದರೆ ಮಳೆ ಅನ್ನುವ ಬೋಧನೆ ತಾನೇ? 1970ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಐವರು ಬೋಧಕರು ಇಂಥದ್ದನ್ನು ಜೋರಾಗಿ ಹಬ್ಬಿಸಿದರು. ಪ್ರತಿ ವಿಶ್ವಾಸಿಗೂ ತಲೆಯ ಮೇಲೆ ಒಬ್ಬ ಕುರುಬ ಬೇಕು ಅಂತ ಶುರುವಾಯಿತು. ಕೆಲಸ, ಮದುವೆ, ಊರು ಬಿಡುವುದು ಎಲ್ಲಕ್ಕೂ ಅವನ ಒಪ್ಪಿಗೆ ಕೇಳುವಲ್ಲಿಗೆ ಹೋಗಿ ನಿಂತಿತು. ಎಷ್ಟೋ ಮನೆ ಒಡೆದವು. ಆ ಐವರಲ್ಲಿ ಡೆರೆಕ್ ಪ್ರಿನ್ಸ್ ದೂರ ಸರಿದರು. ಬಾಬ್ ಮಮ್‌ಫರ್ಡ್ 1989ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಕಟ್ಟಿದವರೇ ಬಿಟ್ಟ ಕೊಡೆ ಅದು.

ಹಾಗಂತ ಪಾಸ್ಟರ್ ಮಾತಿಗೆ ಬೆಲೆಯೇ ಇಲ್ಲ ಅನ್ನುತ್ತಿಲ್ಲ. ಸಭಾನಾಯಕರ ಮಾತು ಕೇಳಿರಿ ಅಂತ ಇಬ್ರಿಯರಿಗೆ ಬರೆದ ಪತ್ರದಲ್ಲಿದೆ, ಅದನ್ನು ನಾನು ಹರಿದು ಹಾಕಲಾರೆ. ಮಂದೆಯ ಮೇಲೆ ದೊರೆತನ ಮಾಡಬೇಡಿ ಅಂತ ಆ ನಾಯಕರಿಗೇ ಪೇತ್ರ ಬರೆದದ್ದೂ ಅದೇ ಬೈಬಲ್‌ನಲ್ಲಿದೆ. ನಿಮ್ಮ ಅಮ್ಮನ ಮಂಚದ ಪಕ್ಕ ಕೂತು ಪ್ರಾರ್ಥಿಸಿದವರು ಅವರು. ಆ ಋಣ ಮರೆಯಬೇಡಿ. "ಏಜೆಂಟನ ಬಗ್ಗೆ ವಿಚಾರಿಸಿದ್ದೀಯಾ? ಕರಾರು ಪತ್ರ ಓದಿದ್ದೀಯಾ? ಅಲ್ಲಿ ಒಬ್ಬಳೇ ಹೇಗಿರ್ತೀಯ?" ಅಂತ ಅವರು ಕೇಳಿದ್ದರೆ, ಕೂತು ಉತ್ತರ ಕೊಡಿ ಅಂತಲೇ ನಾನು ಹೇಳುತ್ತಿದ್ದೆ. ಅವರು ಅದನ್ನೇನೂ ಕೇಳಲಿಲ್ಲ. ನನಗೆ ತೋರಿಸಿಲ್ಲ ಅಂದರು. ನೌಕರಿ ನಿಮ್ಮದು, ದರ್ಶನ ಮಾತ್ರ ಅವರಿಗೆ ಆಗಬೇಕಾ?

ಇನ್ನು ನಿಮ್ಮ ಸರದಿ. ಬೇಜಾರು ಮಾಡಿಕೊಳ್ಳಬೇಡಿ.

ಮತ್ತಾಯನ ಸುವಾರ್ತೆ 21ರಲ್ಲಿ ಯೇಸು ಹೇಳಿದ ಇಬ್ಬರು ಮಕ್ಕಳ ಸಾಮ್ಯ ನೆನಪಿದೆಯಾ? ತೋಟಕ್ಕೆ ಹೋಗಪ್ಪಾ ಅಂದರೆ ಒಬ್ಬ ಹೋಗಲ್ಲ ಅಂದ, ಆಮೇಲೆ ಮನಸ್ಸು ಬದಲಾಯಿಸಿ ಹೋದ. ಇನ್ನೊಬ್ಬ ಹೋಗ್ತೀನಿ ಅಂದ, ಹೋಗಲಿಲ್ಲ. ಪಾಸ್ಟರ್ ನಿಮ್ಮ ಅಪ್ಪ ಅಲ್ಲ, ಅವರ ಮಾತು ದೇವರ ಮಾತೂ ಅಲ್ಲ. ಆದರೂ "ಆಯ್ತು, ಹೋಗಲ್ಲ" ಅಂದು ಮನೆಗೆ ಬಂದು ಪುಸ್ತಕ ತೆಗೆಯುವುದು ಆ ಎರಡನೆಯವನ ನಾಲಿಗೆ. ನಿಮ್ಮನ್ನು ಚುಚ್ಚುತ್ತಿರುವುದು ಜರ್ಮನಿ ಅಲ್ಲ, ಆ 'ಆಯ್ತು' ಅಂತ ನನ್ನ ಗುಮಾನಿ. ಸೌಲನ ಕುರಿಗಳ ಹಾಗೆ ನಿಮ್ಮ ದಿಂಬಿನ ಕೆಳಗಿನ ಪುಸ್ತಕವೂ ಕೂಗುತ್ತಿದೆ.

ಚಿಕ್ಕವಳಿದ್ದಾಗ ನಾನೂ ಇದೇ ಮಾಡಿದ್ದೆ. ನಮ್ಮ ಸಭೆಯ ಅಯ್ಯನವರ ಎದುರು ತಲೆಯಾಡಿಸಿ, ಹಿಂದಿನ ಬಾಗಿಲಿಂದ ನನ್ನ ದಾರಿ ಹಿಡಿದೆ. ದಾರಿ ಸರಿಯೇ ಇತ್ತು. ಬಾಗಿಲು ಸರಿಯಿರಲಿಲ್ಲ.

ನೀವು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಾಲದ ಮನೆತನದವರಿರಬೇಕು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಷನರಿಗಳು ಮುಂದೆ ನಿಮ್ಮ ಗದಗ ಬೆಟಗೇರಿಯ ತನಕ ಬಂದರು. ಅವರ ಸಭೆಗೆ 1844ರಲ್ಲಿ ಸೇರಿದವರು ಆನಂದರಾವ್ ಕೌಂಡಿನ್ಯ, ಮಂಗಳೂರಿನ ಬ್ರಾಹ್ಮಣ ಯುವಕ. ಬಾಸೆಲ್‌ಗೆ ಹೋಗಿ ಓದಿ, ದೀಕ್ಷೆ ಪಡೆದು ಬಂದರು. ಮನೆಯವರ ಕಣ್ಣಿಗೆ ಅದು ಶುದ್ಧ ದಂಗೆ, ಸಭೆಯ ಕಣ್ಣಿಗೆ ವಿಧೇಯತೆ. ನಮ್ಮೆಲ್ಲರ ಮನೆಯಲ್ಲೂ ಮೂರು ನಾಲ್ಕು ತಲೆಮಾರು ಹಿಂದೆ ಹೀಗೆ ಒಬ್ಬರು ಹಿರಿಯರ ಮಾತು ಮೀರಿ ಬಂದವರಿದ್ದಾರೆ. ಅದಕ್ಕೇ ಕ್ರೈಸ್ತರ ಬಾಯಲ್ಲಿ 'ದಂಗೆ' ಅನ್ನುವ ಬೈಗುಳ ಕೇಳಿದಾಗ ನನಗೆ ಸ್ವಲ್ಪ ನಗು ಬರುತ್ತದೆ.

ಹೋಗಬೇಕೋ ಬೇಡವೋ, ಅದನ್ನು ನಾನು ಹೇಳುವುದಿಲ್ಲ. ನಾನೂ ಒಂದು ಕೊಡೆ ಹಿಡಿದ ಹಾಗಾಗುತ್ತದೆ. ಆದರೆ ಈ ವಾರವೇ ಅಮ್ಮನಿಗೆ ಹೇಳಿ. ತಮ್ಮನನ್ನೂ ಕೂರಿಸಿಕೊಳ್ಳಿ. ಬಿ1 ಸರ್ಟಿಫಿಕೇಟ್ ಅವರ ಕೈಗೆ ಕೊಡಿ. ಅವರು ಅಳಬಹುದು, ದೇವಸೇವಕರ ಮಾತು ಮೀರಬೇಡ ಅನ್ನಬಹುದು. ವಾದ ಮಾಡಬೇಡಿ. ಮಾತ್ರೆ ಯಾರು ತರುತ್ತಾರೆ, ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ತಿಂಗಳಿಗೆ ಎಷ್ಟು ಕಳಿಸುತ್ತೀರಿ, ಅದನ್ನು ಮಾತಾಡಿ. ತಂದೆತಾಯಿಯನ್ನು ಸನ್ಮಾನಿಸು ಅನ್ನುವ ಆಜ್ಞೆ ನಿಮ್ಮ ಮನೆಯಲ್ಲಿ ಮಾತ್ರೆ ಡಬ್ಬಿಯ ಹತ್ತಿರವೇ ಇದೆ.

ಆಮೇಲೆ ಪಾಸ್ಟರ್ ಹತ್ತಿರ ಹೋಗಿ. ಆರಾಧನೆ ಮುಗಿದ ಗಡಿಬಿಡಿಯಲ್ಲಿ ಬೇಡ, ಸಮಯ ಕೇಳಿ ಹೋಗಿ, ತಮ್ಮನನ್ನು ಜೊತೆಗೆ ಕರೆದುಕೊಳ್ಳಿ. "ಅವತ್ತು ಹೆದರಿ ಆಯ್ತು ಅಂದೆ ಪಾಸ್ಟರ್, ಅದು ಸುಳ್ಳು, ಕ್ಷಮಿಸಿ. ನಾನು ಓದು ಬಿಟ್ಟಿಲ್ಲ" ಅನ್ನಿ. ಅಷ್ಟಕ್ಕೇ ಕ್ಷಮೆ ಕೇಳಿ, ಓದಿದ್ದಕ್ಕೆ ಕೇಳಬೇಡಿ. ಅವರು ಏಲಿಯ ಹಾಗೆ ಕೇಳಿಸಿಕೊಂಡರೆ ಒಳ್ಳೆಯದು. ಶಾಪದ ಮಾತು ತೆಗೆದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಬೆಟಗೇರಿಯ ಹಳೇ ಸಭೆಯ ಬಾಗಿಲು ಭಾನುವಾರ ತೆರೆದೇ ಇರುತ್ತದೆ.

ಕೀಬೋರ್ಡ್ ಯಾರು ನುಡಿಸ್ತಾರೆ ಅಂದರಲ್ಲ, ಅವರ ಮಾತಲ್ಲಿ ನನಗೆ ತುಂಬ ನಿಜ ಅನಿಸಿದ್ದು ಅದೊಂದೇ. ಬಿ2 ಮುಗಿದು ವೀಸಾ ಕೈಗೆ ಬರುವಷ್ಟರಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಸಂಡೇಸ್ಕೂಲಿನಲ್ಲಿ ಬೆರಳು ಚುರುಕಿರುವ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಶನಿವಾರ ಸಂಜೆ ಒಂದು ತಾಸು ಕೂರಿಸಿಕೊಳ್ಳಿ. ಸಿ, ಎಫ್, ಜಿ, ಈ ಮೂರು ಸ್ವರಮೇಳ (ಕಾರ್ಡ್) ಬಂದರೆ ನಮ್ಮ ಅರ್ಧ ಕೀರ್ತನೆಗಳು ನಡೆದುಹೋಗುತ್ತವೆ.