ಥ್ರೋನ್ ಆಫ್ ಗ್ಲಾಸ್ ಸರಣಿ: ಯಾವ ಕ್ರಮದಲ್ಲಿ ಓದಬೇಕು, ಎಲ್ಲಿ ಕೈಬಿಡಬಾರದು

ನೀವು ಕೇಳಿದ್ದು ಮೂರು ಸಂಗತಿ. ಸಾರಾ ಜೆ. ಮಾಸ್ ಅವರ ಈ ಎಂಟು ಫ್ಯಾಂಟಸಿ ಪುಸ್ತಕಗಳನ್ನು ಯಾವ ಕ್ರಮದಲ್ಲಿ ಓದಬೇಕು? ಮೊದಲನೆಯದರ ನೂರು ಪುಟ ದಾಟುವಷ್ಟರಲ್ಲಿ ಬೇಸರ ಬಂದಿದೆ, ಮುಂದುವರಿಸಲೇ? ಹದಿನಾಲ್ಕು ವರ್ಷದ ತಂಗಿಯ ಕೈಗೆ ಕೊಡಬಹುದೇ? ಮುಂದಿನ ಪುಸ್ತಕಗಳ ಗುಟ್ಟು ಆದಷ್ಟೂ ಒಡೆಯದ ಹಾಗೆ ಉತ್ತರಿಸುತ್ತೇನೆ.

ಮೊದಲು ಕ್ರಮ. ಥ್ರೋನ್ ಆಫ್ ಗ್ಲಾಸ್ (2012), ಕ್ರೌನ್ ಆಫ್ ಮಿಡ್‌ನೈಟ್ (2013), ಏರ್ ಆಫ್ ಫೈರ್ (2014), ಆಮೇಲೆ ದಿ ಅಸಾಸಿನ್ಸ್ ಬ್ಲೇಡ್, ಅದಾದ ಮೇಲೆ ಕ್ವೀನ್ ಆಫ್ ಶ್ಯಾಡೋಸ್ (2015), ಎಂಪೈರ್ ಆಫ್ ಸ್ಟಾರ್ಮ್ಸ್ (2016), ಟವರ್ ಆಫ್ ಡಾನ್ (2017), ಕೊನೆಗೆ ಕಿಂಗ್‌ಡಮ್ ಆಫ್ ಆಶ್ (2018). ಇದರಲ್ಲಿ ಜಗಳವಿರುವುದು ಎರಡೇ ಕಡೆ: ಅಸಾಸಿನ್ಸ್ ಬ್ಲೇಡ್ ಎಲ್ಲಿ ಬರಬೇಕು, ಎಂಪೈರ್ ಮತ್ತು ಟವರ್ ಎರಡನ್ನೂ ಬೆರೆಸಿ ಓದಬೇಕೇ.

ಅಸಾಸಿನ್ಸ್ ಬ್ಲೇಡ್ ಕಾದಂಬರಿಯಲ್ಲ, ಐದು ನೀಳ್ಗತೆಗಳ ಸಂಕಲನ. ನಾಲ್ಕು ಕತೆಗಳು 2012ರಲ್ಲಿ ಮೊದಲ ಕಾದಂಬರಿಗೂ ಮುಂಚೆಯೇ ಇ-ಪುಸ್ತಕಗಳಾಗಿ ಬಂದಿದ್ದವು. 2014ರಲ್ಲಿ ಒಂದೇ ಸಂಪುಟ ಮಾಡುವಾಗ ವೈದ್ಯೆಯ ಕತೆಯೊಂದು ಹೊಸದಾಗಿ ಸೇರಿತು. ಕತೆಯ ಕಾಲದ ಲೆಕ್ಕದಲ್ಲಿ ಇದೇ ಮೊದಲು ಬರಬೇಕು. ಹಂತಕಿ ಸೆಲೇನಾ ಸಾರ್ಡೋಥಿಯೆನ್ ಎಂಡೋವಿಯರ್‌ನ ಉಪ್ಪಿನ ಗಣಿಗೆ ಗುಲಾಮಳಾಗಿ ಹೋಗಿಬೀಳುವುದಕ್ಕೆ ಮುಂಚಿನ ತಿಂಗಳುಗಳು ಇದರಲ್ಲಿವೆ. ಹಾಗಾಗಿ ‘ಇದನ್ನೇ ಮೊದಲು ಓದಿ’ ಎನ್ನುವವರು ಬಹಳ ಜನ.

ನಾನು ಒಪ್ಪುವುದಿಲ್ಲ. ಮೊದಲ ಕಾದಂಬರಿ ನಿಂತಿರುವುದೇ ನಮಗೆ ಆಕೆಯ ಬಗ್ಗೆ ಏನೂ ಗೊತ್ತಿಲ್ಲ ಎಂಬುದರ ಮೇಲೆ. ಗಣಿಯಿಂದ ಹೊರಬಂದ ಹದಿನೆಂಟರ ಹುಡುಗಿ ಉಡುಪು, ಪುಸ್ತಕ, ಸಿಹಿತಿಂಡಿ ಅಂತ ಹಾತೊರೆಯುತ್ತಾಳೆ, ಸ್ಯಾಮ್ ಎಂಬ ಹೆಸರು ಬಂದ ಕಡೆ ಬಾಯಿ ಮುಚ್ಚಿಕೊಳ್ಳುತ್ತಾಳೆ. ಆ ಮೌನದ ಹಿಂದೆ ಏನಿದೆ ಎಂದು ತಿಳಿಯದೆ ಓದುವುದರಲ್ಲಿ ಒಂದು ಸೆಳೆತವಿದೆ. ನೀಳ್ಗತೆಗಳನ್ನು ಮೊದಲೇ ಓದಿದರೆ ಅದು ಹೋಗುತ್ತದೆ. ಇನ್ನೊಂದು ನಷ್ಟವೂ ಇದೆ: ನೀಳ್ಗತೆಗಳಲ್ಲಿ ಆಕೆಯ ಕೈಚಳಕ ಉತ್ತುಂಗದಲ್ಲಿದೆ, ಮೊದಲ ಕಾದಂಬರಿಯಲ್ಲಿ ಒಂದು ವರ್ಷದ ಗಣಿಗೆಲಸ ಆಕೆಯನ್ನು ಎಲುಬುಗೂಡಾಗಿಸಿದೆ. ಅದರಿಂದ ಇದಕ್ಕೆ ಬಂದವರಿಗೆ ನಾಯಕಿ ಕುಗ್ಗಿಹೋದಳು ಅನ್ನಿಸುತ್ತದೆ.

ಪ್ರಕಟಣೆಯ ಕ್ರಮದ ಪ್ರಕಾರ ಅದು ಕ್ರೌನ್ ಮತ್ತು ಏರ್ ನಡುವೆ ಬರಬೇಕು. ಅದೂ ಕೆಟ್ಟ ಜಾಗವಲ್ಲ. ಆದರೆ ಕ್ರೌನ್ ಮುಗಿಯುವುದೇ ದೊಡ್ಡದೊಂದು ಗುಟ್ಟು ಬಯಲಾಗಿ. ಆ ಬಿಸಿಯಲ್ಲೇ ಏರ್ ಕೈಗೆತ್ತಿಕೊಳ್ಳಬೇಕು, ಯಾಕೆಂದರೆ ಅದರ ಮೊದಲ ಭಾಗ ನಿಧಾನ, ಆ ಬಿಸಿ ಇದ್ದರೇ ದಾಟುವುದು ಸುಲಭ. ಹಾಗಾಗಿ ಅಸಾಸಿನ್ಸ್ ಬ್ಲೇಡ್ ಏರ್ ಆಫ್ ಫೈರ್ ಆದ ಮೇಲೆ, ಕ್ವೀನ್ ಆಫ್ ಶ್ಯಾಡೋಸ್‌ಗಿಂತ ಮುಂಚೆ ಬರಲಿ. ಕ್ವೀನ್‌ನಲ್ಲಿ ಕತೆ ರಾಜಧಾನಿ ರಿಫ್ಟ್‌ಹೋಲ್ಡ್‌ಗೆ ಮರಳುತ್ತದೆ. ಆಕೆಯನ್ನು ಸಾಕಿ ಕತ್ತಿ ಕೈಗೆ ಕೊಟ್ಟ ಹಂತಕರ ದೊರೆ ಅರೋಬಿನ್ ಹ್ಯಾಮೆಲ್, ಲೈಸಾಂಡ್ರಾ ಎಂಬ ವೇಶ್ಯೆ, ಇಬ್ಬರೂ ಅಲ್ಲಿ ಕತೆಯ ಮಧ್ಯಕ್ಕೆ ಬರುತ್ತಾರೆ. ಇವರಿಬ್ಬರ ಜತೆ ಆಕೆಯ ಹಳೆಯ ಲೆಕ್ಕ ಏನಿತ್ತು ಎಂಬುದು ಇರುವುದು ನೀಳ್ಗತೆಗಳಲ್ಲಿ. ವಾರದ ಹಿಂದೆ ಅದನ್ನು ಓದಿದವರಿಗೂ ಓದದೇ ಇದ್ದವರಿಗೂ ಕ್ವೀನ್‌ನ ಮೊದಲರ್ಧ ಬೇರೆ ಬೇರೆ ಪುಸ್ತಕವೇ.

ಪೂರ್ತಿ ಬಿಟ್ಟುಬಿಡುವುದಂತೂ ಬೇಡ. ಕಡಲ್ಗಳ್ಳರ ಕತೆಯ ರೋಲ್ಫ್, ಮರುಭೂಮಿಯ ಕತೆಯ ಆನ್ಸೆಲ್, ಇನಿಷ್ ಊರಿನ ಹೋಟೆಲೊಂದರಲ್ಲಿ ದುಡಿಯುವ ಬಡ ವೈದ್ಯೆ, ಮೂವರೂ ಕೊನೆಯ ಮೂರು ಸಂಪುಟಗಳಲ್ಲಿ ತಿರುಗಿ ಬರುತ್ತಾರೆ. ವೈದ್ಯೆಯ ಕತೆ ಐದರಲ್ಲಿ ತೀರಾ ಚಿಕ್ಕದು, ಏನೂ ನಡೆಯದ ಹಾಗೆ ಕಾಣುತ್ತದೆ. ಸರಣಿಯಲ್ಲಿ ನೆಟ್ಟ ಬೀಜಗಳಲ್ಲಿ ಅದೇ ಅತಿ ದೊಡ್ಡದಾಗಿ ಮೊಳೆಯುವುದು. ಇಲ್ಲಿ ಅವಸರ ಮಾಡಬೇಡಿ.

ಇನ್ನು ಎರಡನೆಯ ಜಗಳ. ಎಂಪೈರ್ ಮತ್ತು ಟವರ್ ಒಂದೇ ಕಾಲದಲ್ಲಿ ಎರಡು ಖಂಡಗಳಲ್ಲಿ ನಡೆಯುವ ಕತೆಗಳು. ಎಂಪೈರ್‌ನಲ್ಲಿ ನಾಯಕಿ ಮತ್ತು ಆಕೆಯ ಸಂಗಡಿಗರು. ಟವರ್‌ನಲ್ಲಿ ಕಾವಲುಪಡೆಯ ಹಳೆಯ ನಾಯಕ ಕೇಯಾಲ್ ಚಿಕಿತ್ಸೆಯನ್ನೂ ಸೈನ್ಯವನ್ನೂ ಹುಡುಕಿಕೊಂಡು ದಕ್ಷಿಣ ಖಂಡದ ಆಂಟಿಕಾ ನಗರಕ್ಕೆ ಹೋಗುತ್ತಾನೆ. ಟವರ್ ಮೊದಲು ಕೇಯಾಲ್‌ನ ನೀಳ್ಗತೆಯಾಗಿ ಶುರುವಾಗಿ ಬೆಳೆದು ಪೂರ್ತಿ ಕಾದಂಬರಿಯಾಯಿತು. ಅವನು ಎಂಪೈರ್‌ನಲ್ಲಿ ಕಾಣದೇ ಇರುವುದಕ್ಕೂ, ಎರಡು ಪುಸ್ತಕ ಹೀಗೆ ಪಕ್ಕಪಕ್ಕ ಬಿದ್ದಿರುವುದಕ್ಕೂ ಕಾರಣ ಇದೇ.

ಎಂಪೈರ್ ಮುಗಿಯುವುದು ಇಡೀ ಸರಣಿಯ ಅತಿ ಕ್ರೂರ ತಿರುವಿನಲ್ಲಿ. ಅಲ್ಲಿಂದ ಟವರ್‌ಗೆ ಹೋದರೆ ನಾಯಕಿ ಬಹುತೇಕ ಕಾಣುವುದೇ ಇಲ್ಲ. ಏನಾಯಿತೋ ಎಂಬ ಆತಂಕದಲ್ಲಿ ಅರಮನೆಯ ಔತಣ, ಗ್ರಂಥಾಲಯದ ಹುಡುಕಾಟ, ಚಿಕಿತ್ಸೆಯ ದೃಶ್ಯಗಳನ್ನು ಓದಬೇಕಾಗುತ್ತದೆ. ಜನ ಟವರನ್ನು ಬಯ್ಯುವುದು ಇದಕ್ಕೇ, ಪುಸ್ತಕ ಕೆಟ್ಟದ್ದು ಅಂತಲ್ಲ. ಬೆರೆಸಿ ಓದುವ ಪದ್ಧತಿ ಹುಟ್ಟಿದ್ದೂ ಇಲ್ಲಿಂದಲೇ: ಇದರ ಕೆಲವು ಅಧ್ಯಾಯ, ಅದರ ಕೆಲವು ಅಧ್ಯಾಯ, ಕೊನೆಗೆ ಎರಡೂ ಒಟ್ಟಿಗೆ ಮುಗಿಯುವ ಹಾಗೆ.

ಯಾವುದು ಸರಿ ಎನ್ನುವುದು ನೀವು ಓದುವ ವೇಗದ ಮೇಲೆ ನಿಂತಿದೆ. ವಾರಕ್ಕೊಂದು ದಪ್ಪ ಪುಸ್ತಕ ಮುಗಿಸುವವರಾದರೆ ಬೆರೆಸಿ ಓದಿ, ಆ ಕೊನೆಯ ತಿರುವಿನಿಂದ ನೇರವಾಗಿ ಕಿಂಗ್‌ಡಮ್‌ಗೆ ಹೋಗುವ ಸುಖ ದೊಡ್ಡದು. ದಿನಕ್ಕೆ ಇಪ್ಪತ್ತು ಪುಟ ಓದುವವರಾದರೆ ಬೇಡ. ಎರಡರಲ್ಲೂ ಹಲವು ಪಾತ್ರಗಳ ದೃಷ್ಟಿಕೋನವಿದೆ, ಮೂರು ದಿನಕ್ಕೊಮ್ಮೆ ಖಂಡ ಬದಲಾದರೆ ಯಾರು ಯಾರಿಗೆ ಏನು ಹೇಳಿದರು ಎಂಬುದೇ ಮರೆತುಹೋಗುತ್ತದೆ. ಅಂಥವರು ಎಂಪೈರ್ ಪೂರ್ತಿ ಮುಗಿಸಿ, ಆಮೇಲೆ ಟವರ್ ಓದಿ.

ಬೆರೆಸುವುದಾದರೆ ಎರಡೂ ಪುಸ್ತಕ ಮೊದಲೇ ಕೈಯಲ್ಲಿರಲಿ. ಎರಡು ಬುಕ್‌ಮಾರ್ಕ್ ಇಟ್ಟುಕೊಳ್ಳಿ, ಪ್ರತಿ ಸಲ ಬಿಡುವಾಗ ಎಲ್ಲಿ ನಿಲ್ಲಿಸಿದಿರಿ ಎಂದು ಒಂದು ಸಾಲು ಬರೆದಿಡಿ. ಎಂಪೈರ್‌ನಲ್ಲಿ 75 ಅಧ್ಯಾಯ, ಟವರ್‌ನಲ್ಲಿ 68. ಒಂದಕ್ಕೊಂದು ಎಂದು ಬದಲಾಯಿಸಿದರೆ ಎರಡೂ ಕೆಡುತ್ತವೆ, ಐದಾರು ಅಧ್ಯಾಯಗಳ ಕಂತುಗಳಲ್ಲಿ ಹೋಗಿ. ಎಂಪೈರ್‌ನಿಂದ ಶುರು ಮಾಡಿ. ತಪ್ಪಲೇಬಾರದ ನಿಯಮ ಒಂದೇ: ಎಂಪೈರ್‌ನ ಕೊನೆಯ ಅಧ್ಯಾಯ ಓದಿದ ಮೇಲಷ್ಟೇ ಟವರ್‌ನ ಕೊನೆಯ ಪುಟಗಳು. ಟವರ್ ಬರೆದಿದ್ದು ಎಂಪೈರ್ ಓದಿದವರಿಗಾಗಿ. ಅದರ ಕೊನೆ ಮೊದಲೇ ಕಣ್ಣಿಗೆ ಬಿದ್ದರೆ ಇದರ ಕೊನೆಯ ಆಘಾತ ಸತ್ತುಹೋಗುತ್ತದೆ. ಆಡಿಯೊಬುಕ್‌ನಲ್ಲಿ ಬೆರೆಸುವ ಕಷ್ಟ ಬೇಡವೇ ಬೇಡ.

ಟವರನ್ನು ಹಾರಿಸಿ ನೇರ ಕೊನೆಯ ಪುಸ್ತಕಕ್ಕೆ ಹೋಗುವವರೂ ಇದ್ದಾರೆ. ಮುಖ್ಯ ಶತ್ರುಗಳಲ್ಲೊಬ್ಬರ ನಿಜರೂಪ ಗೊತ್ತಾಗುವುದು ಟವರ್‌ನಲ್ಲೇ, ಕೊನೆಯ ಯುದ್ಧಕ್ಕೆ ಬರುವ ಸೈನ್ಯ, ವೈದ್ಯರು ಎಲ್ಲ ಅಲ್ಲಿಂದಲೇ. ಹಾರಿಸಿದರೆ ಕಿಂಗ್‌ಡಮ್‌ನ 121 ಅಧ್ಯಾಯಗಳಲ್ಲಿ ಅರ್ಧದಷ್ಟು ಜನ ಅಪರಿಚಿತರಾಗಿ ಓಡಾಡುತ್ತಿರುತ್ತಾರೆ.

ಈಗ ನಿಮ್ಮ ಬೇಸರದ ವಿಷಯ. ಪುಸ್ತಕದ ಬೆನ್ನ ಮೇಲೆ ‘ಹಂತಕಿ’ ಎಂದಿದೆ, ಒಳಗೆ ಆಕೆ ಯಾರನ್ನೂ ಕೊಲ್ಲಲು ಹೊರಡುತ್ತಿಲ್ಲ. ನೂರು ಪುಟದಲ್ಲಿ ನಿಮಗೆ ಕಂಡಿದ್ದು ಇದೇ ಇರಬೇಕು. ಅದು ನಿಜವಾದ ದೋಷ, ಅಭಿಮಾನಿಗಳು ಒಪ್ಪದಿದ್ದರೂ. 23 ಮಂದಿ ಕಳ್ಳರು, ಕೊಲೆಗಾರರು, ಯೋಧರನ್ನು ಸೋಲಿಸಿ ರಾಜನ ಚಾಂಪಿಯನ್ ಆದರೆ ಬಿಡುಗಡೆಯ ದಾರಿ ತೆರೆಯುತ್ತದೆ ಎಂಬುದು ಚೌಕಟ್ಟು. ಆದರೆ ಸುಳ್ಳು ಹೆಸರಿನಲ್ಲಿ, ಯಾರ ಕಣ್ಣಿಗೂ ಬೀಳದೆ ಮಧ್ಯದಲ್ಲೇ ಉಳಿಯಬೇಕು ಎಂದು ಆಕೆಗೆ ಕಟ್ಟಪ್ಪಣೆ. ಹಲವು ಪರೀಕ್ಷೆಗಳನ್ನು ಲೇಖಕಿ ನಾಲ್ಕು ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ಸ್ಪರ್ಧೆಗಾಗಿ ಓದುವವರಿಗೆ ಹೊಟ್ಟೆ ತುಂಬುವುದಿಲ್ಲ. ಅರಮನೆಯಲ್ಲಿ ಸ್ಪರ್ಧಿಗಳು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ, ಯಾರು ಕೊಲ್ಲುತ್ತಿದ್ದಾರೆ ಎಂಬ ಪತ್ತೇದಾರಿಯೇ ಇಲ್ಲಿಯ ಬೆನ್ನೆಲುಬು, ಗೋಡೆಗಳ ಮೇಲಿನ ವಿಚಿತ್ರ ಗುರುತುಗಳು ಅದರ ಕೀಲಿಕೈ. ಅದನ್ನು ಹಿಡಿದು ಓದಿ, ರಾಜಕುಮಾರಿ ನೆಹೀಮಿಯಾ ಬಂದ ಕಡೆಯೆಲ್ಲ ಗಮನ ಕೊಡಿ.

ಈ ಪುಸ್ತಕದ ಹುಟ್ಟು ತಿಳಿದರೆ ತಾಳ್ಮೆ ಬರಬಹುದು. ಮಾಸ್ ಇದನ್ನು ಬರೆಯಲು ಶುರು ಮಾಡಿದ್ದು ಹದಿನಾರನೆಯ ವಯಸ್ಸಿನಲ್ಲಿ. ಸಿಂಡ್ರೆಲಾ ಕತೆಯ ಹುಡುಗಿ ನೃತ್ಯಕೂಟಕ್ಕೆ ಹೋಗಿದ್ದು ರಾಜಕುಮಾರನನ್ನು ಕೊಲ್ಲಲು ಆಗಿದ್ದರೆ ಎಂಬುದು ಮೂಲ ಯೋಚನೆ. ‘ಕ್ವೀನ್ ಆಫ್ ಗ್ಲಾಸ್’ ಎಂಬ ಹೆಸರಿನಲ್ಲಿ ಅದು ಫಿಕ್ಷನ್‌ಪ್ರೆಸ್ ತಾಣದಲ್ಲಿ ಅಧ್ಯಾಯ ಅಧ್ಯಾಯವಾಗಿ ಬಂತು. ಗಾಜಿನ ಅರಮನೆ, ಉಡುಪು, ನೃತ್ಯ, ಇಬ್ಬರು ಗಂಡಸರ ನಡುವಿನ ತೊಳಲಾಟ ಎಲ್ಲ ಆ ಹದಿಹರೆಯದ ಕೈಯ ಗುರುತುಗಳು. ಮುದ್ರಣಕ್ಕೆ ಹೋಗುವ ಮುಂಚೆ ತಿದ್ದಿ ಬರೆದರೂ ಅಚ್ಚು ಉಳಿದಿದೆ. ಕ್ರೌನ್‌ನ ಅರ್ಧದಿಂದ ಭಾಷೆ ಬಲಿಯುತ್ತದೆ, ಏರ್‌ನಿಂದ ಸರಣಿ ಪೂರ್ತಿ ಬೇರೆ ಜಾತಿಗೆ ಸೇರುತ್ತದೆ. ಅರಮನೆಯ ಪತ್ತೇದಾರಿ ಹೋಗಿ ಸಾಮ್ರಾಜ್ಯ, ಯುದ್ಧ, ಮಾಯಾಶಕ್ತಿಯ ಫೇ ಕುಲ, ಮಾಟಗಾತಿಯರು ಬರುತ್ತಾರೆ. ಆದ್ದರಿಂದ ನನ್ನ ಅಳತೆಗೋಲು ಇಷ್ಟು: ಕ್ರೌನ್ ಆಫ್ ಮಿಡ್‌ನೈಟ್‌ನ ಕೊನೆಯ ಪುಟದ ತನಕ ಓದಿ. ಅಲ್ಲಿಗೂ ಮನಸ್ಸು ಅಂಟದಿದ್ದರೆ ನಿಲ್ಲಿಸಿ. ಮೊದಲ ಪುಸ್ತಕ ನೋಡಿ ಮಾತ್ರ ತೀರ್ಪು ಕೊಡಬೇಡಿ.

ಏರ್ ಆಫ್ ಫೈರ್‌ನಲ್ಲಿ ಮತ್ತೊಂದು ಮುಗ್ಗರಿಸುವ ಜಾಗವಿದೆ. ಅಲ್ಲಿ ಕತೆ ಮೂರು ಎಳೆಗಳಾಗಿ ಒಡೆಯುತ್ತದೆ: ಕಡಲಾಚೆಯ ವೆಂಡ್ಲಿನ್‌ನಲ್ಲಿ ನಾಯಕಿ ಮತ್ತು ಫೇ ಯೋಧ ರೋವನ್, ರಿಫ್ಟ್‌ಹೋಲ್ಡ್‌ನಲ್ಲಿ ಕೇಯಾಲ್ ಮತ್ತು ರಾಜಕುಮಾರ ಡೋರಿಯನ್, ಇವೆರಡಕ್ಕೂ ಸಂಬಂಧವೇ ಇಲ್ಲದ ಹಾಗೆ ಬೆಟ್ಟಗಳಲ್ಲಿ ಡ್ರ್ಯಾಗನ್‌ನಂಥ ರೆಕ್ಕೆಯ ಪ್ರಾಣಿ ವೈವರ್ನ್‌ನ ಸವಾರಿ ಕಲಿಯುವ ಬ್ಲ್ಯಾಕ್‌ಬೀಕ್ ಕುಲದ ಮಾಟಗಾತಿ ಮನೋನ್. ‘ಇವಳ್ಯಾರು’ ಎಂದು ಮನೋನಳ ಅಧ್ಯಾಯಗಳನ್ನು ಹಾರಿಸುವವರು ಎಂಪೈರ್‌ಗೆ ಬಂದಾಗ ಕೈ ಹಿಸುಕಿಕೊಳ್ಳುತ್ತಾರೆ. ಇಡೀ ಸರಣಿಯಲ್ಲಿ ನಾಯಕಿಗೆ ಸರಿಸಾಟಿಯಾಗಿ ಬೆಳೆಯುವ ಪಾತ್ರ ಅವಳದೇ. ಮನೋನ್ ಸೇರಿದ ಐರನ್‌ಟೀತ್ ಮಾಟಗಾತಿಯರ ಕುಲಗಳು ಮೂರು: ಬ್ಲ್ಯಾಕ್‌ಬೀಕ್, ಬ್ಲೂಬ್ಲಡ್, ಯೆಲ್ಲೋಲೆಗ್ಸ್. ಈ ಹೆಸರುಗಳನ್ನು ಮೊದಲ ಸಲ ಕಂಡಾಗಲೇ ನೆನಪಿಟ್ಟುಕೊಂಡರೆ ಮುಂದೆ ತೊಡಕಿಲ್ಲ.

ಪ್ರೇಮದ ವಿಷಯಕ್ಕೂ ಒಂದು ಮಾತು. ಡೋರಿಯನ್ನೋ ಕೇಯಾಲ್‌ನೋ ಎಂದು ಮೊದಲ ಪುಸ್ತಕದಲ್ಲೇ ಪಕ್ಷ ಕಟ್ಟಬೇಡಿ. ಆಕೆಯ ಬದುಕಿನ ಒಂದೊಂದು ಘಟ್ಟಕ್ಕೆ ಒಂದೊಂದು ಸಂಬಂಧ ಎಂಬ ಹಾಗೆ ಈ ಸರಣಿ ಸಾಗುತ್ತದೆ. ಪಕ್ಷ ಕಟ್ಟಿದವರು ಕ್ವೀನ್‌ನಲ್ಲಿ ಸಿಟ್ಟಾಗಿ ಪುಸ್ತಕ ಮುಚ್ಚುತ್ತಾರೆ.

ಸ್ಪಾಯ್ಲರ್ ತಪ್ಪಿಸಿಕೊಳ್ಳಬೇಕೆಂದರೆ ಮೂರನೆಯ ಪುಸ್ತಕದಿಂದ ಮುಂದಿನವುಗಳ ಬೆನ್ನುಬರಹ ಓದಬೇಡಿ. ಕ್ರೌನ್ ಕೊನೆಯ ತನಕ ಬಚ್ಚಿಟ್ಟ ಗುಟ್ಟಿನ ಸುಳಿವು ಅಲ್ಲೇ ಸಿಕ್ಕಿಬಿಡುತ್ತದೆ. ಪಾತ್ರಗಳ ಚಿತ್ರ ಹುಡುಕುವುದೂ ಅಷ್ಟೇ ಅಪಾಯ. ಪುಸ್ತಕದ ಮೊದಲಲ್ಲಿರುವ ಎರಿಲಿಯಾ ಖಂಡದ ನಕಾಶೆಯನ್ನು ಮಾತ್ರ ಧೈರ್ಯವಾಗಿ ನೋಡುತ್ತಿರಿ, ಟೆರ್ರಾಸೆನ್, ಐಲ್ವೆ, ಎಂಡೋವಿಯರ್ ಎಲ್ಲಿವೆ ಎಂದು ಗೊತ್ತಿದ್ದರೆ ಯುದ್ಧದ ಭಾಗಗಳು ಅರ್ಥವಾಗುತ್ತವೆ. ಹಳೆಯ ಮುಖಪುಟದ ಪ್ರತಿ, 2023ರಲ್ಲಿ ಬಂದ ಹೊಸ ಮುಖಪುಟದ ಪ್ರತಿ, ಎರಡನ್ನೂ ಬೆರೆಸಿ ಇಟ್ಟುಕೊಂಡರೂ ಕತೆಗೆ ತೊಂದರೆಯಿಲ್ಲ.

ಕೊನೆಯದಾಗಿ ತಂಗಿ. ಮೊದಲ ಮೂರು ಪುಸ್ತಕ ಮತ್ತು ನೀಳ್ಗತೆಗಳನ್ನು ಹದಿನಾಲ್ಕರವರು ಓದಬಹುದು ಎಂಬುದು ನನ್ನ ಅಂದಾಜು. ಆದರೆ ಗುಲಾಮಗಿರಿ, ಚಾಟಿಯೇಟು, ಚಿತ್ರಹಿಂಸೆ, ಪ್ರೀತಿಪಾತ್ರರ ಭೀಕರ ಸಾವು ಇವೆಲ್ಲ ಅವುಗಳಲ್ಲೂ ಇವೆ, ಮೊದಲೇ ಹೇಳಿ ಕೊಡಿ. ಕ್ವೀನ್‌ನಲ್ಲಿ ಚಿಕ್ಕ ವಯಸ್ಸಿನಲ್ಲೇ ವೇಶ್ಯಾವಾಟಿಕೆಗೆ ಮಾರಾಟವಾದವರ ಕತೆಯಿದೆ, ಮಾಟಗಾತಿಯರನ್ನು ಬಲವಂತವಾಗಿ ಬಸುರಿ ಮಾಡುವ ಪ್ರಸಂಗವೂ ಇದೆ. ಇದನ್ನು ನೀವು ಮೊದಲು ಓದಿ, ತಂಗಿಯ ಸ್ವಭಾವ ನೋಡಿ ನಿರ್ಧರಿಸಿ. ಎಂಪೈರ್‌ನಿಂದ ಮುಂದೆ ಲೈಂಗಿಕ ದೃಶ್ಯಗಳು ತೆರೆ ಎಳೆಯದೆ ಬರುತ್ತವೆ, ಕಿಂಗ್‌ಡಮ್‌ನ ಮೊದಲ ಭಾಗದ ಚಿತ್ರಹಿಂಸೆ ದೊಡ್ಡವರಿಗೂ ಭಾರ. ಅವನ್ನು ಹದಿನಾರು ಹದಿನೇಳರ ತನಕ ತಡೆದಿಡಿ. ಏರ್ ಆಫ್ ಫೈರ್ ಒಂದು ಘಟ್ಟ ಮುಟ್ಟಿ ನಿಲ್ಲುವುದರಿಂದ ಅದಾದ ಮೇಲೆ ನೀಳ್ಗತೆಗಳನ್ನು ಕೊಟ್ಟು ಅಲ್ಲಿಗೆ ತಡೆದರೆ ಆಕೆಗೆ ಅಷ್ಟೇನೂ ಚಡಪಡಿಕೆ ಆಗದು. ಎಂಪೈರ್ ಕೊಟ್ಟು ಅಲ್ಲಿ ನಿಲ್ಲಿಸು ಎಂದರೆ ಮಾತ್ರ ಯಾರೂ ನಿಲ್ಲಿಸುವುದಿಲ್ಲ.